ಕೈಗೆ ಸಿಗದ ಕೂಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆಯ್ದ ಪತ್ರಗಳೆಲ್ಲ ದಾವಣಗೆರೆ, ಚಿತ್ರದುರ್ಗದ ಕಡೆಯವು. ಎಲ್ಲದರಲ್ಲೂ ಒಂದು ಕಡೆ ಕೂರದ ಮಗು ಇದೆ, ವಯಸ್ಸು ಒಂದರಿಂದ ಐದರೊಳಗೆ. ‘ಎಷ್ಟು ಬೈದರೂ ಕೇಳಲ್ಲ’ ಎಂಬ ದೂರೂ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಕೇಳುವುದಿಲ್ಲ, ನಿಜ. ಈ ವಯಸ್ಸಿಗೆ ಬೈಗುಳ ಅರ್ಥವಾದರೂ ಮುಂದಿನ ಸಲ ಸಂಪಿನ ಮುಚ್ಚಳ ಕಂಡಾಗ ಅದು ನೆನಪಿಗೆ ಬರುವುದಿಲ್ಲ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಮಗುವಿಗೆ ಹೇಳುವ ಮಾತು ಕಡಿಮೆ, ವೆಲ್ಡಿಂಗ್ ಅಂಗಡಿಯವರಿಗೆ ಹೇಳುವ ಮಾತು ಹೆಚ್ಚು.

ನಮ್ಮ ಹುಡುಗನಿಗೆ ಎರಡೂವರೆ ವರ್ಷ. ಕೋಟೆಯಲ್ಲಿ ಕೋತಿರಾಜ್ ಗೋಡೆ ಹತ್ತೋದನ್ನ ನೋಡಿ ಬಂದಾಗಿನಿಂದ ಕಿಟಕಿ ಗ್ರಿಲ್ಲು, ಅಡುಗೆ ಕಟ್ಟೆ ಯಾವುದನ್ನೂ ಬಿಡ್ತಿಲ್ಲ. ಮೊನ್ನೆ ಟಿ.ವಿ. ಸ್ಟ್ಯಾಂಡಿನ ಡ್ರಾಯರ್‌ಗಳನ್ನ ಎಳೆದು ಮೆಟ್ಟಿಲು ಮಾಡಿಕೊಂಡಿದ್ದ. ಇವನನ್ನ ಕಟ್ಟಿಹಾಕೋದಾ?
– ಒಬ್ಬ ತಾಯಿ, ಚಿತ್ರದುರ್ಗ

ಕಟ್ಟಿಹಾಕಬೇಕಾದ್ದು ಟಿ.ವಿ. ಸ್ಟ್ಯಾಂಡನ್ನು, ಅದೂ ಇವತ್ತೇ. ಡ್ರಾಯರ್ ಹೊರಗೆ ಬಂದಷ್ಟೂ ಸ್ಟ್ಯಾಂಡಿನ ಭಾರ ಮುಂದಕ್ಕೆ ಸರಿಯುತ್ತದೆ. ಅದರ ತುದಿಯ ಮೇಲೆ 12 ಕಿಲೋ ಹುಡುಗ ನಿಂತರೆ ಸ್ಟ್ಯಾಂಡು, ಟಿ.ವಿ. ಎರಡೂ ಅವನ ಮೇಲೇ ಮಗುಚುತ್ತವೆ. ಪುಸ್ತಕದ ಕಪಾಟು, ಚಪ್ಪಲಿ ಸ್ಟ್ಯಾಂಡು, ಬೀರುಗಳಿಗೂ ಇದೇ ಲೆಕ್ಕ. ಪ್ರತಿಯೊಂದಕ್ಕೂ ಮೇಲ್ತುದಿಯಲ್ಲಿ ಎರಡು ಕಬ್ಬಿಣದ ಎಲ್ ಪಟ್ಟಿ ಬೇಕು. ಗೋಡೆಗೆ 8 ಮಿ.ಮೀ. ತೂತು ಕೊರೆದು, ಪ್ಲಗ್ ಹೊಡೆದು, ಕನಿಷ್ಠ 2 ಅಂಗುಲದ ಸ್ಕ್ರೂ ಹಾಕಿ. ಕೆಲಸ ಕೆಡುವುದು ಇಲ್ಲೇ. ಗೋಡೆಯ ಗಾರೆಯ ದಪ್ಪವೇ 12ರಿಂದ 15 ಮಿ.ಮೀ. ಇರುತ್ತದೆ. ಒಂದಂಗುಲದ ಸ್ಕ್ರೂ ಹಾಕಿದರೆ ಅದು ಹೆಚ್ಚಾಗಿ ಹಿಡಿದಿರುವುದು ಗಾರೆಯನ್ನೇ, ಇಟ್ಟಿಗೆಯನ್ನಲ್ಲ. ಜೋರಾಗಿ ಒಮ್ಮೆ ಎಳೆದರೆ ಗಾರೆ ಸಮೇತ ಕಿತ್ತು ಬರುತ್ತದೆ. ಕೊರೆಯುವಾಗ ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತೆಂದು ಅರ್ಥ. ಎಷ್ಟು ಒಳಗೆ ಹೋದರೂ ಬರೀ ಬೂದು ಪುಡಿಯೇ ಬರುತ್ತಿದ್ದರೆ ಎರಡು ಇಟ್ಟಿಗೆಯ ನಡುವಿನ ಸಂದಿಗೆ ಬಿದ್ದಿದ್ದೀರಿ, ಎರಡಂಗುಲ ಪಕ್ಕಕ್ಕೆ ಸರಿಯಿರಿ. ಸಿಮೆಂಟ್ ಬ್ಲಾಕಿನ ಮನೆಯಾದರೆ ಎಲ್ಲ ಪುಡಿಯೂ ಬೂದುಬಣ್ಣದ್ದೇ. ಅಲ್ಲಿ ಬ್ಲಾಕು ಟೊಳ್ಳೋ ಗಟ್ಟಿಯೋ ಎಂದು ನೋಡಿ, ಟೊಳ್ಳಾದರೆ ಅದಕ್ಕೆಂದೇ ಇರುವ ಪ್ಲಗ್ ಕೇಳಿ ತನ್ನಿ.

ಬೀರುವಿನ ಮೇಲೆ ಅವನಿಗೆ ಇಷ್ಟವಾದದ್ದೇನನ್ನೂ ಇಡಬೇಡಿ. ಬಿಸ್ಕತ್ ಡಬ್ಬಿ, ಮೊಬೈಲು, ಕಸಿದು ಬಚ್ಚಿಟ್ಟ ಆಟಿಕೆ ಇವೆಲ್ಲ ಹತ್ತಲು ಕೊಟ್ಟ ಆಹ್ವಾನ.

ಕಿಟಕಿಯ ವಿಷಯಕ್ಕೆ ಬಂದರೆ, ನೆಲಮಹಡಿಯಲ್ಲಿ ಒಳಗ್ರಿಲ್ ಇರುವ ಕಿಟಕಿಯನ್ನು ಅವನು ಹತ್ತಿದರೆ ತಲೆಕೆಡಿಸಿಕೊಳ್ಳಬೇಡಿ. ಕೆಳಗೆ ಒಂದು ಹಾಸಿಗೆ ಹಾಕಿದರೆ ಸಾಕು. ಮೇಲಿನ ಮಹಡಿಯಲ್ಲಿ ಮಾತ್ರ ಸೋಫಾ, ಮಂಚ, ಕುರ್ಚಿಗಳನ್ನು ಕಿಟಕಿಯಿಂದ ಕನಿಷ್ಠ ಮೂರಡಿ ದೂರ ಇಡಿ. ಸೊಳ್ಳೆ ಪರದೆಯ ಜಾಲರಿ ಸೊಳ್ಳೆಯನ್ನು ತಡೆಯುತ್ತದೆ, ಮಗುವನ್ನಲ್ಲ. ಒರಗಿದರೆ ಚೌಕಟ್ಟೇ ಬಿಚ್ಚಿಕೊಳ್ಳುತ್ತದೆ. ಗ್ರಿಲ್ಲಿನ ಅಥವಾ ಮೆಟ್ಟಿಲಿನ ರೈಲಿಂಗಿನ ಕಂಬಿಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಜಾಗ ಇರಬಾರದು. ಮೈ ತೂರಿ ತಲೆ ಸಿಕ್ಕಿಕೊಳ್ಳುವುದು ಅದಕ್ಕಿಂತ ಅಗಲವಾದ ಸಂದಿಗಳಲ್ಲಿ. ಈಗ ಫ್ಯಾಶನ್ನಾಗಿರುವ ಅಡ್ಡಪೈಪಿನ ಸ್ಟೀಲ್ ರೈಲಿಂಗ್ ನಮಗೆ ಹಿಡಿಸುವುದಿಲ್ಲ. ನೋಡಲು ಚೆಂದ, ಮಗುವಿನ ಪಾಲಿಗೆ ಏಣಿ. ಒಡೆಸುವಷ್ಟು ಖರ್ಚು ಬೇಡವೆಂದರೆ ಒಳಭಾಗಕ್ಕೆ 4–5 ಮಿ.ಮೀ. ಪಾಲಿಕಾರ್ಬೊನೇಟ್ ಶೀಟನ್ನು ಪೂರ್ತಿ ಎತ್ತರಕ್ಕೆ ಕ್ಲಾಂಪ್ ಹಾಕಿ ಕೂರಿಸಿ. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆಯನ್ನು ನಂಬಬೇಡಿ, ಅದು ಮಗುವಿನ ಭಾರಕ್ಕೆ ಮಾಡಿದ್ದಲ್ಲ.

ಟೆರೇಸಿನ ಗೋಡೆ ನಾಲ್ಕಡಿ ಇರಲಿ. ಅಳೆಯುವುದು ನೆಲದಿಂದಲ್ಲ, ಮಗು ಕಾಲಿಡಬಹುದಾದ ಕೊನೆಯ ಜಾಗದಿಂದ. ನೀರಿನ ಟ್ಯಾಂಕಿನ ಕಟ್ಟೆ, ಹೂವಿನ ಕುಂಡ, ಹಳೆ ಇಟ್ಟಿಗೆಯ ರಾಶಿ ಗೋಡೆಗೆ ಒತ್ತಿಕೊಂಡಿದ್ದರೆ ನಾಲ್ಕಡಿ ಗೋಡೆ ಎರಡಡಿಯಾಯಿತು. ಹಳೆ ಮನೆಗಳ ಜಾಲಿ ಬ್ಲಾಕಿನ ಗೋಡೆಯಲ್ಲಂತೂ ತೂತುಗಳೇ ಮೆಟ್ಟಿಲು, ಒಳಗಿನಿಂದ ಗಾರೆ ಹೊಡೆಸಿ ಮುಚ್ಚಿಸಿ. ಅಲ್ಲಿಯವರೆಗೆ ಟೆರೇಸಿನ ಬಾಗಿಲಿಗೆ ಐದಡಿ ಎತ್ತರದಲ್ಲಿ ಚಿಲಕವಿರಲಿ.

ಇಷ್ಟಾದ ಮೇಲೆ ಹತ್ತಲು ಬಿಡಿ. ಹತ್ತುವ ಚಟವಿರುವ ಮಗುವಿಗೆ ಹತ್ತಲು ಒಂದು ಜಾಗ ಕೊಡದಿದ್ದರೆ ಅವನೇ ಒಂದನ್ನು ಹುಡುಕಿಕೊಳ್ಳುತ್ತಾನೆ. ಎರಡಡಿಯಷ್ಟು ಎತ್ತರದ ಗಟ್ಟಿ ಕಟ್ಟೆ ಅಥವಾ ದಿವಾನ್ ಸಾಕು, ಸುತ್ತ ಹಾಸಿಗೆ ಇರಲಿ. ‘ಇದು ನಿನ್ನದು, ಎಷ್ಟು ಸಲ ಬೇಕಾದರೂ ಹತ್ತು’ ಎಂದು ಹೇಳಿ. ಮೊದಲು ಕಲಿಸಬೇಕಾದ್ದು ಇಳಿಯುವುದನ್ನು: ಹೊಟ್ಟೆಯ ಮೇಲೆ ಮಲಗಿ ತಿರುಗು, ಕಾಲು ಕೆಳಗೆ ಬಿಡು, ನೆಲ ಸಿಕ್ಕ ಮೇಲೆ ಕೈ ಬಿಡು. ಬಹಳಷ್ಟು ಮಕ್ಕಳು ಬೀಳುವುದು ಮುಖ ಮುಂದೆ ಮಾಡಿ ಇಳಿಯಲು ಹೋಗಿ. ತಾನಾಗಿ ಹತ್ತಲಾಗದ ಎತ್ತರಕ್ಕೆ ನೀವಾಗಿ ಎತ್ತಿ ಕೂರಿಸಬೇಡಿ, ಇಳಿಯುವ ಅಂದಾಜು ಅವನಿಗಿರುವುದಿಲ್ಲ. ಮೇಲಿರುವಾಗ ‘ಏಯ್, ಬಿದ್ದೀಯ!’ ಎಂದು ಕೂಗುವುದೂ ಬೇಡ. ಅವನು ತಿರುಗಿ ನಿಮ್ಮನ್ನು ನೋಡುವಾಗಲೇ ಕೈ ತಪ್ಪುತ್ತದೆ. ಹತ್ತಿರ ಹೋಗಿ ನಿಂತು ‘ಎಡಗಾಲು ಎಲ್ಲಿಡ್ತೀಯ?’ ಎಂದು ಕೇಳಿ.

ನಲ್ಲಿ ನೀರು ದಿನಾ ಬರಲ್ಲ. ಬಾಗಿಲ ಮುಂದೇ ಸಂಪು, ಬಚ್ಚಲ ಪಕ್ಕ ಎರಡು ಡ್ರಮ್ಮು. ಸಂಪಿಗೆ ಕಬ್ಬಿಣದ ಮುಚ್ಚಳ ಇದೆ. ಮೂರು ವರ್ಷದ ಅವಳಿ ಮಕ್ಕಳಿದ್ದಾರೆ. ಇಷ್ಟು ಸಾಕಾ?
– ಓದುಗರು, ನಿಟುವಳ್ಳಿ, ದಾವಣಗೆರೆ

ಸಾಲದು. ಎರಡಡಿ ಚೌಕದ, 4 ಮಿ.ಮೀ. ದಪ್ಪದ ಚೆಕ್ಕರ್ ಪ್ಲೇಟಿನ ಮುಚ್ಚಳ ಸುಮಾರು 12 ಕಿಲೋ ತೂಗುತ್ತದೆ. ಅದನ್ನು ಒಂದು ಮಗು ಎತ್ತಲಾರದು, ಎರಡು ಮಕ್ಕಳು ಸೇರಿ ತಳ್ಳಿ ಸರಿಸಬಲ್ಲವು. ಫೈಬರ್ ಮುಚ್ಚಳದ ಕಥೆ ಬೇರೆ: ಬಿಸಿಲಿಗೆ ಮೂರ್ನಾಲ್ಕು ಬೇಸಿಗೆ ಕಳೆದರೆ ಪೆಡಸಾಗುತ್ತದೆ. ಮೇಲೆ ಕುಣಿದ ಮಗು ಮುಚ್ಚಳದ ಸಮೇತ ಒಳಗೆ.

ಆದರೆ ದೊಡ್ಡ ಅಪಾಯ ಇರುವುದು ಮುಚ್ಚಳ ತೆರೆದಿರುವ ಹೊತ್ತಿನಲ್ಲಿ. ನೀರು ಬಿಟ್ಟ ದಿನ ಪೈಪು ಇಳಿಬಿಡಲು, ಎಷ್ಟು ತುಂಬಿತೆಂದು ನೋಡಲು ಮುಚ್ಚಳ ತೆಗೆದಿಟ್ಟಿರುತ್ತಾರೆ. ಮನೆಯವರೆಲ್ಲ ಬಿಂದಿಗೆ, ಬಕೆಟ್ಟು ಹಿಡಿದು ಓಡಾಡುತ್ತಿರುತ್ತಾರೆ. ಆ ಹೊತ್ತಿಗೆ ಬೀಗವಿದ್ದೂ ಪ್ರಯೋಜನವಿಲ್ಲ. ಇದಕ್ಕೆ ನಾವು ಹೇಳುವ ಉಪಾಯ ಎರಡನೆಯ ಮುಚ್ಚಳ. ಸಂಪಿನ ಬಾಯಿಯೊಳಗೆ, ಮೇಲಿನ ಮುಚ್ಚಳಕ್ಕಿಂತ ನಾಲ್ಕು ಅಂಗುಲ ಕೆಳಗೆ, 10 ಅಥವಾ 12 ಮಿ.ಮೀ. ರಾಡುಗಳ ಗ್ರಿಲ್ ಕೂರಿಸಿ. ರಾಡಿನಿಂದ ರಾಡಿಗೆ 8–10 ಸೆಂ.ಮೀ. ಅಂತರ, ಆಂಗಲ್ ಚೌಕಟ್ಟು, ಒಂದು ಬದಿಗೆ ಹಿಂಜು, ಇನ್ನೊಂದು ಬದಿಗೆ ಬೀಗದ ಕೊಂಡಿ. ಪೈಪು ರಾಡುಗಳ ಸಂದಿಯಲ್ಲೇ ಇಳಿಯುತ್ತದೆ, ನೀರಿನ ಮಟ್ಟವೂ ಕಾಣುತ್ತದೆ. ಹಾಗಾಗಿ ಗ್ರಿಲ್ಲಿನ ಬೀಗ ತೆಗೆಯುವ ಪ್ರಸಂಗ ಬರುವುದು ಸಂಪು ತೊಳೆಯುವ ದಿನ ಮಾತ್ರ. ಕಬ್ಬಿಣಕ್ಕೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟು ಬಣ್ಣ ಬೇಕು. ಇಲ್ಲವಾದರೆ ಹಬೆಗೆ ತುಕ್ಕು ಹಿಡಿದು ಹಿಂಜಿನ ಬೆಸುಗೆಯೇ ಮೊದಲು ಬಿಡುತ್ತದೆ. ವರ್ಷಕ್ಕೊಮ್ಮೆ ಕಾಲಿನಿಂದ ಒತ್ತಿ ನೋಡಿ. ಬೀಗದ ಕೈ ಮೀಟರ್ ಬೋರ್ಡಿನ ಮೊಳೆಗೆ ಬೇಡ, ಮನೆಯೊಳಗೆ ಎತ್ತರದಲ್ಲಿ ಒಂದೇ ಜಾಗ ಇರಲಿ.

ಡ್ರಮ್ಮಿನ ಪಕ್ಕ ಸ್ಟೂಲು, ಮಗುಚಿದ ಬಕೆಟ್ಟು, ಬಟ್ಟೆ ಒಗೆಯುವ ಕಲ್ಲು ಇದ್ದರೆ ತೆಗೆಯಿರಿ. ಮೂರು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ ಡ್ರಮ್ಮಿನಷ್ಟೇ, ಅರ್ಧ ಅಡಿ ಮೇಲೇರಿದರೆ ತಲೆ ಒಳಗೆ ಬಾಗುತ್ತದೆ. ಮೇಲೆ ಸುಮ್ಮನೆ ಇಟ್ಟ ತಟ್ಟೆ ಮುಚ್ಚಳವಲ್ಲ. ರಿಂಗ್ ಬಿಗಿಯುವ ಮುಚ್ಚಳದ ಡ್ರಮ್ ಕೊಂಡು ಕೆಳಗೊಂದು ನಲ್ಲಿ ಹಾಕಿಸಿದರೆ ಮುಚ್ಚಳ ತೆಗೆಯುವ ಗೋಜೇ ಇರುವುದಿಲ್ಲ.

ಬಕೆಟ್ಟನ್ನು ಹಗುರವಾಗಿ ಎಣಿಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ತಲೆಯ ಭಾರ ಹೆಚ್ಚು, ತೋಳಿನ ಬಲ ಕಡಿಮೆ. ಬಗ್ಗಿ ತಲೆ ಒಳಗೆ ಹೋದರೆ ತಾನಾಗಿ ಮೇಲೇಳಲಾರದು, ಅಂಗುಲ ಎರಡಂಗುಲ ನೀರೇ ಸಾಕು. ಕೂಗುವುದಿಲ್ಲ, ನೀರು ಎರಚುವ ಸದ್ದೂ ಆಗುವುದಿಲ್ಲ. ಕೆಲಸ ಮುಗಿದ ಬಕೆಟ್ ಬೋರಲಾಗಿರಲಿ, ಬಚ್ಚಲ ಬಾಗಿಲಿಗೆ ಹೊರಗಿನಿಂದ ಮೇಲ್ಚಿಲಕ ಇರಲಿ.

ಮಗು ಕಾಣುತ್ತಿಲ್ಲವೆಂದರೆ ಮೊದಲು ನೋಡಬೇಕಾದ್ದು ನೀರನ್ನು. ಮಂಚದ ಕೆಳಗೆ, ಪಕ್ಕದ ಮನೆಯಲ್ಲಿ ಎಲ್ಲ ಆಮೇಲೆ. ನೀರಿನಿಂದ ಎತ್ತಿದ ಮಗು ಉಸಿರಾಡುತ್ತಿಲ್ಲವಾದರೆ ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಯಾವುದೂ ಬೇಡ, ಅದರಲ್ಲಿ ಹೊತ್ತು ಹೋಗುತ್ತದೆ. ಗಟ್ಟಿ ನೆಲದ ಮೇಲೆ ಮಲಗಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ಮೂಗು ಮುಚ್ಚಿ ಬಾಯಿಗೆ ಐದು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ, ಎದೆಯ ದಪ್ಪದ ಮೂರರಲ್ಲೊಂದು ಭಾಗ ಇಳಿಯುವಂತೆ 30 ಸಲ ಒತ್ತಿ, ಮತ್ತೆ ಎರಡು ಸಲ ಊದಿ. ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ.

ಮನೆ ಮುಂದೆ ಎಳೆಯುವ ಗೇಟು ಹಾಕಿಸಿದ್ದೇವೆ. ಮಕ್ಕಳು ಅದಕ್ಕೆ ಜೋತುಬಿದ್ದು ಆಡುತ್ತಾರೆ. ಗೇಟು ಗಟ್ಟಿಯಾಗಿದೆ, ಏನೂ ಆಗಲ್ಲ ಅಂತಾರೆ ಯಜಮಾನರು.
– ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಗೇಟು ಗಟ್ಟಿಯಾಗಿರುವುದೇ ತೊಂದರೆ. ಒಂದೂವರೆ, ಎರಡು ಕ್ವಿಂಟಲ್ ತೂಕದ ಗೇಟು ಹಳಿಯ ಕೊನೆ ದಾಟಿದರೆ ಅಥವಾ ಮೇಲಿನ ಹಿಡಿಕೆಯಿಂದ ಜಾರಿದರೆ ಹಲಗೆಯಂತೆ ಅಡ್ಡ ಬೀಳುತ್ತದೆ. ಕೆಳಗಿರುವುದು ಮಗು. ಮೂರು ಕಡೆ ನೋಡಿ. ಹಳಿಯ ಎರಡೂ ತುದಿಯಲ್ಲಿ ನೆಲದ ಕಾಂಕ್ರೀಟಿಗೆ ಬೆಸೆದ ಸ್ಟಾಪರ್ ಇರಬೇಕು, ಮತ್ತು ಅದು ಚಕ್ರಕ್ಕಲ್ಲ, ಗೇಟಿನ ಚೌಕಟ್ಟಿಗೆ ತಾಕಬೇಕು. ಮೇಲ್ಭಾಗವನ್ನು ಎರಡೂ ಬದಿಯಿಂದ ಹಿಡಿದ ಗೈಡ್ ರೋಲರ್‌ಗಳು ಕನಿಷ್ಠ ಎರಡು ಜೊತೆ ಬೇಕು, ಒಂದೇ ಜೊತೆಯಿದ್ದರೆ ಪೂರ್ತಿ ತೆರೆದಾಗ ಗೇಟಿನ ಮುಕ್ಕಾಲು ಭಾಗಕ್ಕೆ ಆಧಾರವೇ ಇಲ್ಲ. ಹಳಿಯಲ್ಲಿ ಕಲ್ಲು, ಮರಳು ಕೂತರೆ ಚಕ್ರ ಹಾರುತ್ತದೆ, ವಾರಕ್ಕೊಮ್ಮೆ ಗುಡಿಸಿ. ಗೇಟು ತಳ್ಳುವ ಕೆಲಸ ದೊಡ್ಡವರದ್ದೇ. ‘ಅಪ್ಪನ ಗಾಡಿ ಬಂತು, ಗೇಟ್ ತೆಗಿ’ ಎಂದು ಐದು ವರ್ಷದವನನ್ನು ಕಳಿಸುವುದನ್ನು ಯಜಮಾನರೇ ನಿಲ್ಲಿಸಬೇಕು.

ಸಂಜೆ ಹೊತ್ತು ಮಂಡಕ್ಕಿ ಮಾಡ್ತೀವಿ. ಒಂದೂವರೆ ವರ್ಷದ ಮೊಮ್ಮಗನೂ ಕೈ ಹಾಕ್ತಾನೆ. ಶೇಂಗಾ ಕೊಡಬೇಡಿ ಅಂತ ಸೊಸೆ ಜಗಳ. ನಾವೆಲ್ಲ ತಿಂದು ಬೆಳೆದಿಲ್ವಾ?
– ಅಜ್ಜಿ, ಹರಿಹರ

ಸೊಸೆ ಹೇಳುವುದು ಸರಿ, ಅಜ್ಜಿ. ನಾಲ್ಕು ವರ್ಷ ತುಂಬುವವರೆಗೆ ಇಡೀ ಶೇಂಗಾ, ಪುಟಾಣಿ, ಅಡಿಕೆ ಚೂರು, ಹುಣಸೆ ಬೀಜ ಬಾಯಿಗೆ ಹೋಗಬಾರದು. ಈ ವಯಸ್ಸಿನಲ್ಲಿ ಅಗಿಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಕಾಳು ಇಡಿಯಾಗಿ ಹಿಂದೆ ಜಾರಿ, ನಗುವಾಗಲೋ ಓಡುವಾಗಲೋ ಶ್ವಾಸನಾಳಕ್ಕೆ ಇಳಿಯುತ್ತದೆ. ಅಲ್ಲಿ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆಯಂಶಕ್ಕೆ ಸುತ್ತಲ ಪೊರೆಯೂ ಊದಿಕೊಳ್ಳುತ್ತದೆ. ಮೋಸ ಹೋಗುವುದು ಇಲ್ಲಿ: ಮೊದಲು ಜೋರು ಕೆಮ್ಮು ಬಂದು, ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾದಂತೆ ಕಾಣುತ್ತದೆ. ವಾರ ಕಳೆದ ಮೇಲೆ ಬಿಡದ ಕೆಮ್ಮು, ಒಂದೇ ಬದಿಯ ಎದೆಯಲ್ಲಿ ಸುಯ್‌ಗುಟ್ಟುವ ಸದ್ದು, ಜ್ವರ. ನೆಗಡಿ ಎಂದು ಸಿರಪ್ ಕುಡಿಸುತ್ತಾ ಕೂರುತ್ತಾರೆ. ‘ಶೇಂಗಾ ತಿನ್ನುವಾಗ ಒಮ್ಮೆ ಕೆಮ್ಮಿ ಒದ್ದಾಡಿತ್ತು’ ಎಂದು ವೈದ್ಯರಿಗೆ ಹೇಳಿದರೆ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡಿ, ತೆಗೆಯುತ್ತಾರೆ.

ಮಂಡಕ್ಕಿ ನೆನೆಸಿದರೆ ಮೆತ್ತಗಾಗುತ್ತದೆ, ಮಗುವನ್ನು ಕೂರಿಸಿ ಅದನ್ನು ಕೊಡಿ. ಪುಟಾಣಿಯ ಪುಡಿ, ಶೇಂಗಾ ಚಟ್ನಿಪುಡಿಯನ್ನು ಅನ್ನಕ್ಕೆ ಕಲೆಸಿಯೂ ಕೊಡಬಹುದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ.

ಗಂಟಲಲ್ಲಿ ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದಿದ್ದರೆ, ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಗುದ್ದಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗೂ ಎದೆಗೂಡಿಗೂ ನಡುವೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ತಲೆ ತಗ್ಗಿಸಿ ತೋಳಿನ ಮೇಲೆ ಬೋರಲು ಮಲಗಿಸಿ ಐದು ಗುದ್ದು, ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಆಟಿಕೆಯ ಬಟನ್ ಸೆಲ್ ಕಾಣ್ತಿಲ್ಲ. ಮಗಳು ನುಂಗಿದ್ದರೆ ಮಲದಲ್ಲಿ ಹೋಗುತ್ತೆ, ಬಾಳೆಹಣ್ಣು ತಿನ್ನಿಸಿ ಅಂತ ಪಕ್ಕದವರು ಹೇಳಿದರು. ಕೊನೆಗೆ ಮಂಚದ ಕೆಳಗೆ ಸಿಕ್ಕಿತು. ಸಿಗದಿದ್ದರೆ ಏನು ಮಾಡಬೇಕಿತ್ತು?
– ಹೊಳಲ್ಕೆರೆ

ಕಾಯದೆ ಹೊರಡಬೇಕಿತ್ತು. ಬಾಳೆಹಣ್ಣಿನ ಸಲಹೆ ನಾಣ್ಯದ ಕಾಲದ್ದು, ಸೆಲ್‌ಗೆ ಅನ್ವಯಿಸದು. ಸಿಆರ್ 2032 ಎಂಬ ಸೆಲ್ 20 ಮಿ.ಮೀ. ಅಗಲ. ಚಿಕ್ಕ ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ. ಒದ್ದೆ ಪೊರೆಗೆ ತಾಕಿದ ಕ್ಷಣದಿಂದ ವಿದ್ಯುತ್ ಹರಿದು ಅಲ್ಲೇ ಸುಡುವ ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಆಳದ ಗಾಯ ಆಗಬಹುದು. ಆಟಿಕೆಗೆ ಸಾಲದಷ್ಟು ಸತ್ತ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಜೊಲ್ಲು, ಊಟ ಬೇಡ ಎನ್ನುವುದು, ಎದೆ ಹಿಡಿದುಕೊಳ್ಳುವುದು ಲಕ್ಷಣಗಳು. ಏನೂ ಕಾಣದೆಯೂ ಇರಬಹುದು.

ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ಆಸ್ಪತ್ರೆಗೇ ನೇರ ಹೋಗಿ, ಅಂದರೆ ನಿಮ್ಮಲ್ಲಿಂದ ಚಿತ್ರದುರ್ಗ ಅಥವಾ ದಾವಣಗೆರೆ. ಹೊರಡುವಾಗಲೇ ಫೋನ್ ಮಾಡಿ ವಿಚಾರಿಸಿ. ಬಾಗಿಲಲ್ಲೇ ‘ಬಟನ್ ಸೆಲ್’ ಎಂದು ಹೇಳಿ, ಏಕೆಂದರೆ ಎಕ್ಸ್-ರೇಯಲ್ಲಿ ಅದು ನಾಣ್ಯದಂತೆಯೇ ಕಾಣಬಹುದು. ಅಂಚಿನ ಜೋಡಿ ಉಂಗುರ ನೋಡಿ ಗುರುತಿಸಬೇಕು. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆ ಮೀರಿಲ್ಲದಿದ್ದು, ನುಂಗಲು ಆಗುತ್ತಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಅದು ಗಾಯ ಆಳವಾಗುವುದನ್ನು ತಡಮಾಡುತ್ತದೆ ಅಷ್ಟೆ. ಜೇನು ಹುಡುಕುತ್ತಾ ನಿಲ್ಲಬೇಡಿ. ಬೇರೆ ಏನೂ ಬೇಡ, ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ಮೂಗಿಗೆ, ಕಿವಿಗೆ ತುರುಕಿಕೊಂಡರೂ ಇಷ್ಟೇ ತುರ್ತು.

ಮನೆಯಲ್ಲಿ ಒಮ್ಮೆ ಹುಡುಕಿ: ಕಾರಿನ ಕೀ, ಥರ್ಮಾಮೀಟರು, ತೂಕದ ಯಂತ್ರ, ದೀಪಾವಳಿಗೆ ತಂದ ಬ್ಯಾಟರಿ ಹಣತೆ, ಮಿನುಗುವ ಬೂಟು. ಸ್ಕ್ರೂ ಇಲ್ಲದ ಮುಚ್ಚಳವಿದ್ದರೆ ಗಟ್ಟಿ ಟೇಪ್ ಸುತ್ತಿ. ಹಳೆಯದನ್ನು ಎಸೆಯುವಾಗಲೂ ಎರಡೂ ಮುಖಕ್ಕೆ ಟೇಪ್ ಅಂಟಿಸಿ.

ಸ್ನಾನಕ್ಕೆ ಹಂಡೆ ನೀರು. ಮಗು ಬಚ್ಚಲಲ್ಲಿ ನಿಲ್ಲಲ್ಲ, ಓಡುತ್ತೆ. ಸುಟ್ಟರೆ ಬೆಣ್ಣೆ ಹಚ್ಚಬಹುದಾ?
– ಹೊನ್ನಾಳಿ

ಬೆಣ್ಣೆ ದೋಸೆಗಿರಲಿ. ಸುಟ್ಟ ಚರ್ಮಕ್ಕೆ ಜಿಡ್ಡು ಹಚ್ಚಿದರೆ ಶಾಖ ಒಳಗೇ ಉಳಿಯುತ್ತದೆ. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸು ಕೂಡ ಬೇಡ. ನಲ್ಲಿಯ ತಣ್ಣೀರು ಸಣ್ಣಗೆ ಹರಿಯಲಿ, ಪೂರ್ತಿ 20 ನಿಮಿಷ. ಎರಡು ನಿಮಿಷಕ್ಕೆ ಅಳು ನಿಂತಿತೆಂದು ನಿಲ್ಲಿಸುವುದೇ ಸಾಮಾನ್ಯ ತಪ್ಪು. ಉಳಿದ ಮೈ ಬೆಚ್ಚಗಿರಲಿ. ಊತ ಬರುವ ಮೊದಲೇ ಬಳೆ, ಕಾಲ್ಗೆಜ್ಜೆ, ಉಡುದಾರ ತೆಗೆಯಿರಿ. ಅಂಟಿಕೊಂಡ ಬಟ್ಟೆ ಎಳೆಯಬೇಡಿ, ಬೊಕ್ಕೆ ಒಡೆಯಬೇಡಿ, ಒಗೆದ ಹತ್ತಿ ಬಟ್ಟೆ ಮೇಲೆ ಹೊದಿಸಿ. ಮಗುವಿನ ಅಂಗೈಗಿಂತ ದೊಡ್ಡ ಗಾಯ, ಅಥವಾ ಮುಖ, ಕೈ, ಪಾದ, ಕೀಲು, ಗುಪ್ತಾಂಗದಲ್ಲಿ ಎಷ್ಟೇ ಚಿಕ್ಕ ಗಾಯವಾದರೂ ಆಸ್ಪತ್ರೆಗೆ.

ಬಚ್ಚಲಿನ ನಿಯಮ ಒಂದೇ: ಬರೀ ಬಿಸಿನೀರಿನ ಬಕೆಟ್ ಮತ್ತು ಮಗು ಒಂದೇ ನೆಲದ ಮೇಲೆ ಇರಬಾರದು. ಹಿಂದಕ್ಕೆ ಹೆಜ್ಜೆಯಿಟ್ಟು ಕುದಿನೀರಿನ ಬಕೆಟ್ಟಿನಲ್ಲಿ ಕೂತುಬಿಡುವ ಮಕ್ಕಳ ಗಾಯ ಬಹಳ ಆಳದ್ದು. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ ಬೆರೆಸಿ, ಮೊಣಕೈ ಅದ್ದಿ ನೋಡಿ, ನಂತರ ಮಗುವನ್ನು ಕರೆತನ್ನಿ. ಸೋಪು, ಟವಲು ಮರೆತರೆ ಮಗುವನ್ನು ಎತ್ತಿಕೊಂಡೇ ಹೋಗಿ. ಗೀಸರ್ ಇರುವವರು 50 ಡಿಗ್ರಿಗೆ ಇಳಿಸಿ, 60 ಡಿಗ್ರಿ ನೀರು ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ.

ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ಮಂಡಿನೋವಿರುವ ಅತ್ತೆಯವರು ಮಗು ನೋಡಿಕೊಳ್ಳುತ್ತಾರೆ. ಸಿ.ಸಿ. ಕ್ಯಾಮೆರಾ ಹಾಕಿಸಿದರೆ ಸಾಕಾ?
– ಕೆ.ಟಿ.ಜೆ. ನಗರ, ದಾವಣಗೆರೆ

ಕ್ಯಾಮೆರಾ ನಿಮ್ಮ ಮನಸ್ಸಿಗೆ ಸಮಾಧಾನ, ಮಗುವಿನ ಕೈ ಹಿಡಿಯುವುದಿಲ್ಲ. ಆ ದುಡ್ಡಿನಲ್ಲಿ ಬಡಗಿಯನ್ನು ಕರೆಸಿ ಅಡುಗೆಮನೆಗೂ ಹಜಾರಕ್ಕೂ ನಡುವೆ ಎರಡೂಕಾಲು ಅಡಿ ಎತ್ತರದ ಅರ್ಧ ಬಾಗಿಲು ಮಾಡಿಸಿ, ಚಿಲಕ ಆಚೆ ಬದಿಗಿರಲಿ. ಅತ್ತೆಯವರು ಇಡೀ ಮನೆಯಲ್ಲಿ ಮಗುವಿನ ಹಿಂದೆ ಓಡಲಾರರು, ಒಂದು ಕೋಣೆ ನೋಡಿಕೊಳ್ಳಬಲ್ಲರು. ಆ ಕೋಣೆಯಲ್ಲಿ ನೀವು ಮಂಡಿಯೂರಿ, ಮಗುವಿನ ಎತ್ತರದಿಂದ ಒಮ್ಮೆ ಸುತ್ತ ನೋಡಿ. ಫ್ಯಾನಿನ ವೈರು, ಪ್ಲಗ್ಗಿನ ತೂತು, ಕರ್ಟನ್ನಿನ ಹಗ್ಗ, ಟೀಪಾಯಿಯ ಮೂಲೆ ಎಲ್ಲ ಕಾಣುತ್ತವೆ. ಅವರ ಕುರ್ಚಿ ಬಾಗಿಲ ಬಳಿ ಇರಲಿ, ಮಗು ಅವರನ್ನು ದಾಟಿಯೇ ಹೊರಗೆ ಹೋಗುವಂತೆ.

ಅತ್ತೆಯವರ ಸಾಮಾನುಗಳ ಬಗ್ಗೆ ಸ್ವಲ್ಪ ನಾಜೂಕಾಗಿ ಮಾತಾಡಬೇಕಾಗುತ್ತದೆ. ದಿಂಬಿನ ಕೆಳಗಿನ ಗುಳಿಗೆ ಪಟ್ಟಿ ಮೊದಲನೆಯದು. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು ಒಂದೇ ಹೋದರೂ ಮಗುವಿನ ರಕ್ತದ ಸಕ್ಕರೆ ಗಂಟೆಗಳ ನಂತರ ಅಪಾಯಕ್ಕಿಳಿಯಬಹುದು, ಚೆನ್ನಾಗೇ ಇದೆಯೆಂದು ಮನೆಯಲ್ಲಿಟ್ಟುಕೊಳ್ಳಬಾರದು. ಕಬ್ಬಿಣಾಂಶದ ಮಾತ್ರೆಯೂ ಹಾಗೆಯೇ, ನೋಡಲು ಚಾಕಲೇಟ್, ಒಂದು ಹಿಡಿ ಹೋದರೆ ವಿಷ. ದೇವರಮನೆಯ ಕರ್ಪೂರ ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಇನ್ನು ಎಲೆ-ಅಡಿಕೆಯ ಸಂಚಿ. ಅದರಲ್ಲಿ ಅಡಿಕೆಗಿಂತ ಕೆಟ್ಟದ್ದು ಸುಣ್ಣದ ಪ್ಯಾಕೆಟ್ಟು. ಮಗು ಅದನ್ನು ಹಿಂಡಿದರೆ ಒಡೆದು ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ, ಕಣ್ಣಿನ ಕರಿಗುಡ್ಡೆಯ ಪೊರೆ ಸುಡುತ್ತದೆ. ಹಾಗಾದರೆ ಅಲ್ಲೇ ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಸುರಿದು, ಆಮೇಲೆ ಕಣ್ಣಿನ ಆಸ್ಪತ್ರೆಗೆ. ಪ್ಯಾಕೆಟ್ ಬಿಟ್ಟು ತಿರುಗಿಸುವ ಮುಚ್ಚಳದ ಡಬ್ಬಿಗೆ ಸುಣ್ಣ ತುಂಬಿಸಿಕೊಡಿ, ಸಂಚಿ ಗೋಡೆಯ ಮೊಳೆಗೆ ತೂಗಲಿ.

ಮನೆತುಂಬ ಜನ ಇರುವ ದಿನ ಹೆಚ್ಚು ಎಚ್ಚರ ಬೇಕು. ಹಬ್ಬ, ಸೀಮಂತ, ನೆಂಟರು. ಹತ್ತು ಜನರಿದ್ದಾಗ ಪ್ರತಿಯೊಬ್ಬರೂ ಉಳಿದ ಒಂಬತ್ತು ಜನ ನೋಡುತ್ತಿದ್ದಾರೆಂದು ಎಣಿಸುತ್ತಾರೆ. ಆವತ್ತು ಮಗುವನ್ನು ಒಬ್ಬರಿಂದ ಒಬ್ಬರಿಗೆ ಬಾಯಿಬಿಟ್ಟು ಹೇಳಿಯೇ ಒಪ್ಪಿಸಿ: ‘ಈಗ ಪಾಪು ನಿನ್ನ ಕೈಲಿ’, ‘ಹೂಂ, ನನ್ನ ಕೈಲಿ’. ಆ ‘ಹೂಂ’ ಬರುವವರೆಗೆ ಹೊಣೆ ನಿಮ್ಮದೇ.

ವಾಕರ್ ಕೊಡಿಸಿದರೆ ಒಂದು ಕಡೆ ಇರುತ್ತಾ?
– ಜಗಳೂರು

ಇರುವುದಿಲ್ಲ, ಇನ್ನೂ ಬೇಗ ಓಡುತ್ತದೆ. ಮೆಟ್ಟಿಲ ತುದಿ, ಒಲೆಯ ಹಿಡಿಕೆ ಎಲ್ಲ ಕೈಗೆ ಬರುತ್ತವೆ, ನಡಿಗೆಯೂ ಬೇಗ ಬರುವುದಿಲ್ಲ. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಷೇಧಿಸಿತು. ಚಾಪೆ ಹಾಸಿ ನೆಲಕ್ಕೆ ಬಿಡಿ.

ತೋಟದ ಮನೆ. ಕೃಷಿ ಹೊಂಡ, ಹಾಳುಬಿದ್ದ ಬೋರು, ಔಷಧಿ ಡಬ್ಬ ಎಲ್ಲ ಸುತ್ತಮುತ್ತಲೇ. ನಾಲ್ಕು ವರ್ಷದ ಮಗ ನಾಯಿಮರಿ ಹಿಂದೆ ಎಲ್ಲಿ ಬೇಕಾದರೂ ಹೋಗ್ತಾನೆ. ಯಾವುದನ್ನ ಮೊದಲು ಮಾಡಲಿ?
– ರೈತರು, ಚಳ್ಳಕೆರೆ ತಾಲ್ಲೂಕು

ಬೋರು ಮೊದಲು, ಅದು ಅರ್ಧ ದಿನದ ಕೆಲಸ. ನೀರು ಬೀಳದ ಬೋರಿನ ಕೇಸಿಂಗ್ ಪೈಪನ್ನು ಇನ್ನೊಂದಕ್ಕೆ ಆಗುತ್ತದೆಂದು ಕಿತ್ತು, ಬಾಯಿಗೆ ಗೋಣಿಚೀಲವೋ ಚಪ್ಪಡಿಯೋ ಇಡುವುದು ವಾಡಿಕೆ. ಮಳೆಗೆ ಅಂಚು ಕುಸಿದು ಬಾಯಿ ಅಗಲವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದೊಳಗಿನ ಮಗು ಸುಮಾರು 20 ಗಂಟೆಯ ನಂತರ ಜೀವಂತ ಹೊರಬಂದದ್ದು ಅಪರೂಪದ ಮಾತು. ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದಂತೆ ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲಿನಿಂದ ತುಂಬಬೇಕು. ದೊಡ್ಡ ಕಲ್ಲು ಹಾಕಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ, ಮುಂದಿನ ಮಳೆಗೆ ಕುಸಿಯುತ್ತದೆ. ಆದ್ದರಿಂದ ಮುಷ್ಟಿಗಿಂತ ಚಿಕ್ಕ ಕಲ್ಲು, ಮಣ್ಣು ಸ್ವಲ್ಪಸ್ವಲ್ಪವೇ ಹಾಕಿ. ಮುಂದೆ ಬಳಸುವ ಬೋರಾದರೆ ಕೇಸಿಂಗಿಗೆ ಉಕ್ಕಿನ ತಟ್ಟೆ ಬೆಸೆಸಿ ಅಥವಾ ಬೋಲ್ಟ್ ಮುಚ್ಚಳ ಹಾಕಿಸಿ, ಸುತ್ತ ಅರ್ಧ ಮೀಟರ್ ಚೌಕದ ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ನೆಲದಿಂದ 30 ಸೆಂ.ಮೀ. ಮೇಲೆ, 30 ಸೆಂ.ಮೀ. ಕೆಳಗೆ.

ಎರಡನೆಯದು ಹೊಂಡ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಪಾಚಿಗೆ ಎಷ್ಟು ಜಾರುತ್ತದೆಂದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಎತ್ತಲು ಇಳಿದವರೂ ಮುಳುಗುವುದು ಅದಕ್ಕೇ. ಐದಡಿ ಎತ್ತರದ ಹೆಣಿಗೆ ತಂತಿಯ ಬೇಲಿ, ಬೀಗದ ಗೇಟು ಬೇಕು. ಬರೀ ಮುಳ್ಳುತಂತಿಯ ಸಾಲುಗಳಾದರೆ ನಾಯಿಮರಿ ನುಸುಳುತ್ತದೆ, ಹುಡುಗನೂ ನುಸುಳುತ್ತಾನೆ. ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆಯ ಪ್ಯಾಕೇಜಿನಲ್ಲಿ ತಂತಿಬೇಲಿಯೂ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೇಲಿ ಆಗುವವರೆಗೆ, ಆದ ಮೇಲೂ, ನಾಲ್ಕೂ ಬದಿಯಲ್ಲಿ ಗೂಟ ಹೊಡೆದು ಅಡಿಗೊಂದು ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬೊಂದನ್ನು ಉದ್ದದ ಹಗ್ಗ ಕಟ್ಟಿ ದಡದಲ್ಲಿಡಿ. ದಡದಲ್ಲಿ ನಿಂತೇ ಎಸೆದು ಎಳೆಯಬೇಕು, ಧುಮುಕಬಾರದು.

ಬೆಳೆಗೆ ಹೊಡೆಯುವ ಔಷಧಿ ಇಡಲು ಬೀಗ ಹಾಕುವ ತಗಡಿನ ಟ್ರಂಕು ಸಾಕು. ಅಟ್ಟದ ಮೇಲೆ ಇಟ್ಟದ್ದು ಹತ್ತುವ ಹುಡುಗನಿಗೆ ಇಟ್ಟದ್ದೇ. ಉಳಿದ ಕೀಟನಾಶಕವನ್ನು ತಂಪುಪಾನೀಯದ ಬಾಟಲಿಗೆ ಸುರಿಯುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಬಿತ್ತಿ ಉಳಿದ ಮೆಕ್ಕೆಜೋಳದ ಬೀಜವೂ ಆ ಟ್ರಂಕಿಗೇ ಹೋಗಲಿ. ಬೀಜೋಪಚಾರದ ಗುಲಾಬಿ ಬಣ್ಣ ಮಗುವಿನ ಕಣ್ಣಿಗೆ ಮಿಠಾಯಿ. ಇಲಿಗೆ ಇಡುವ ಪೇಸ್ಟನ್ನು ಮನೆಗೇ ತರಬೇಡಿ, ಬೋನು ಇಡಿ. ಆ ಪೇಸ್ಟ್ ತಿಂದ ಮಗು ಒಂದೆರಡು ದಿನ ಚೆನ್ನಾಗಿದ್ದಂತೆ ಕಂಡು, ಆಮೇಲೆ ಯಕೃತ್ತು ಕೆಡುತ್ತದೆ.

ಏನಾದರೂ ಕುಡಿದಿರಬಹುದೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ, ಎಣ್ಣೆಯಂಥ ಕೀಟನಾಶಕ ವಾಂತಿಯಲ್ಲಿ ಶ್ವಾಸಕೋಶಕ್ಕೆ ಹೋದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚು ಹಾನಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ ಸೋಪುನೀರಿನಲ್ಲಿ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಲೇಬಲ್ ಸಮೇತ ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಲೇಬಲ್‌ನಲ್ಲಿರುವ ಔಷಧಿಯ ಹೆಸರು, ಎಷ್ಟು ಹೊತ್ತಾಯಿತು, ಮಗುವಿನ ತೂಕ ಎಷ್ಟು ಎಂದು ಕೇಳುತ್ತಾರೆ. ಅಂಗನವಾಡಿಯಲ್ಲಿ ಕೊನೆಯ ಸಲ ತೂಗಿದ ತೂಕವನ್ನು ಈ ಸಂಖ್ಯೆಯ ಪಕ್ಕದಲ್ಲೇ ಟ್ರಂಕಿನ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿಡಿ.